ಕಂದೀಲಿನ ಬೆಳಕು ಎಲ್ಲಿ ಹೋಯಿತು?

ನಾನು ಬೆಳಕು ಅಳೆಯುವ ಒಂದು ಮೀಟರು. ಅಂಗೈಯಲ್ಲಿ ಮುಚ್ಚಿಟ್ಟುಕೊಳ್ಳುವಷ್ಟೇ ನನ್ನ ಗಾತ್ರ. ಮುಂದೆ ಜೇನುಗೂಡಿನಂತೆ ಕಣ್ಣುಕಣ್ಣಾದ ಒಂದು ಗಾಜು, ಅದರ ಹಿಂದೆ ಸೆಲೆನಿಯಂ ಎಂಬ ಬೂದು ಬಣ್ಣದ ಬಿಲ್ಲೆ, ಮೇಲೊಂದು ಕೂದಲಿನಂಥ ಮುಳ್ಳು. ಇಷ್ಟೇ ನನ್ನ ಸಂಸಾರ. ಬೆಳಕು ಬಿಲ್ಲೆಗೆ ತಾಗಿದರೆ ಮುಳ್ಳು ಏಳುತ್ತದೆ, ಬೆಳಕು ಹೋದರೆ ಮಲಗುತ್ತದೆ. ಸೆಲ್ಲು ಬೇಡ, ಚಾರ್ಜು ಬೇಡ. ಅಳೆಯಬೇಕಾದ ಬೆಳಕನ್ನೇ ಉಂಡು ಅಳೆಯುವವನು ನಾನು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನನಗೆ ಮುಖ, ಮರ, ಮನೆ ಯಾವುದೂ ಕಾಣುವುದಿಲ್ಲ. ಹೆಚ್ಚು, ಕಡಿಮೆ ಎರಡೇ ಗೊತ್ತು. ಉಳಿದದ್ದೆಲ್ಲ ಜನರ ಮಾತು ಕೇಳಿ ತಿಳಿದುಕೊಂಡದ್ದು. ನಿನಗೆ ಕಿವಿ ಎಲ್ಲಿದೆ ಎಂದು ಕೇಳಬೇಡಿ. ಅಷ್ಟು ವರ್ಷ ಒಬ್ಬರ ಅಂಗಿಯ ಜೇಬಿನಲ್ಲಿ ಬದುಕಿದರೆ ಯಾರಿಗಾದರೂ ಕಿವಿ ಬರುತ್ತದೆ.

ನಾನು ಹುಟ್ಟಿದ್ದು ಸಮುದ್ರದಾಚೆಯ ಒಂದು ಕಾರ್ಖಾನೆಯಲ್ಲಿ. ಅಲ್ಲಿ ಒಬ್ಬಾಕೆ ಮೊಟ್ಟಮೊದಲ ಬಾರಿಗೆ ನನ್ನನ್ನು ದೀಪದ ಮುಂದೆ ಹಿಡಿದು, ಮುಳ್ಳು ಎದ್ದದ್ದನ್ನು ಕಂಡು ತನ್ನ ಭಾಷೆಯಲ್ಲಿ ಏನೋ ಅಂದಳು. ಬೈದಳೋ ಹರಸಿದಳೋ ತಿಳಿಯದು. ಆಮೇಲೆ ಪೆಟ್ಟಿಗೆ, ಹಡಗು, ಮುಂಬೈ. ಅಲ್ಲಿಂದ ಈರಪ್ಪ ಪತ್ತಾರರ ಎದೆಯ ಜೇಬಿನಲ್ಲಿ ಕೂತು ರೈಲಿನಲ್ಲಿ ವಿಜಯಪುರಕ್ಕೆ ಬಂದೆ. ಈರಪ್ಪನವರು ಫೋಟೋ ಸ್ಟುಡಿಯೋದವರು. ಚಿತ್ರ ತೆಗೆಯುವ ಮುಂಚೆ ನನ್ನನ್ನು ಎತ್ತಿ ಹಿಡಿದು "ಏನಂತೀಪಾ?" ಎಂದು ಕೇಳುವರು. ನಾನು ಮುಳ್ಳು ಎತ್ತಿ ಹೇಳುವೆ. ಮಬ್ಬುಗತ್ತಲ ಮದುವೆ ಮನೆಗಳಿಗೆಂದು ನನ್ನ ಪಕ್ಕಕ್ಕೆ ಸಿಕ್ಕಿಸುವ ಇನ್ನೊಂದು ದೊಡ್ಡ ಕಣ್ಣನ್ನೂ ತಂದಿದ್ದರು. ಅದನ್ನು ಸಿಕ್ಕಿಸಿದರೆ ನಾನು ಅಗರಬತ್ತಿಯ ಕಿಡಿಯನ್ನೂ ಹಿಡಿಯುತ್ತೇನೆ ಎಂದು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದರು. ಅದು ಸ್ವಲ್ಪ ಉಬ್ಬಿಸಿದ ಮಾತು. ಆದರೂ ನನಗೆ ಸಂತೋಷವಾಗುತ್ತಿತ್ತು.

ಮದುವೆಗಳಲ್ಲಿ ನನ್ನಿಂದ ಜಗಳಗಳೇ ಆಗುತ್ತಿದ್ದವು. ಈರಪ್ಪನವರು ನನ್ನನ್ನು ಮದುಮಗಳ ಮುಖದ ಹತ್ತಿರ ಹಿಡಿದದ್ದೇ ತಡ, ಹಿಂದಿನಿಂದ ಯಾರೋ ಅಜ್ಜಿ ಕೇಳುವಳು: "ನಮ್ಮ ಹುಡುಗೀದು ಎಷ್ಟು ಬಂತ್ರಿ?"

"ಅವ್ವಾ, ಇದು ರೂಪ ಅಳಿಯೂದಿಲ್ಲ. ಬೆಳಕ ಅಳೀತೈತಿ."

"ಎರಡೂ ಒಂದ ಅಲ್ಲೇನೋ ಮಾರಾಯಾ? ಗಂಡಿಂದ ಎಷ್ಟು ಬಂತು ಅದನ್ನರ ಹೇಳು."

ಹೆಣ್ಣಿನ ಮೈಮೇಲೆ ಜರಿ ಸೀರೆ, ಗಂಡಿನ ಮೈಮೇಲೆ ಕರಿ ಕೋಟು. ಹೆಣ್ಣಿನದೇ ಹೆಚ್ಚು ಬರುತ್ತಿತ್ತು. ಹೆಣ್ಣಿನ ಕಡೆಯವರು ಗಂಡಿನ ಕಡೆಯವರನ್ನು ಊಟ ಮುಗಿಯುವ ತನಕ ಕಾಡಿಸುವರು. ಈರಪ್ಪನವರಿಗೆ ಅದರಿಂದ ಒಂದು ಹೋಳಿಗೆ ಹೆಚ್ಚು ಸಿಗುತ್ತಿತ್ತು.

ಕಾಲ ತಿರುಗಿತು. ತಾನೇ ಬೆಳಕು ಅಳೆದುಕೊಳ್ಳುವ ಕ್ಯಾಮೆರಾ ಬಂತು, ಆಮೇಲೆ ಮೊಬೈಲು ಬಂತು. ನಾನು ಚರ್ಮದ ಚೀಲದೊಳಗೆ, ಚೀಲ ಡ್ರಾವರಿನೊಳಗೆ. ನನ್ನ ಜಾತಿಯವರಿಗೆ ಕತ್ತಲೆ ಒಳ್ಳೆಯದಂತೆ. ಬೆಳಕು ಉಂಡಷ್ಟೂ ನಾವು ಸವೆಯುತ್ತೇವೆ. ಈರಪ್ಪನವರು ತೀರಿಕೊಂಡದ್ದೂ ನನಗೆ ಕತ್ತಲೆಯಲ್ಲೇ, ಗೋಡೆಯಾಚೆಯ ಅಳುವಿನಿಂದ ಗೊತ್ತಾಯಿತು.

ಎಷ್ಟೋ ಕಾಲದ ಮೇಲೆ ಡ್ರಾವರು ತೆರೆಯಿತು. ಮುಳ್ಳು ಎದ್ದು ನಿಂತುಬಿಟ್ಟಿತು. "ಏನಂತೀಪಾ?" ಎಂದಿತು ಒಂದು ಹೆಣ್ಣು ದನಿ. ಅವರ ಮಗಳು ಕಸ್ತೂರಿ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು. ಅವಳಿಗೊಂದು ಹುಚ್ಚು ಹಿಡಿದಿತ್ತು. ಹಳೆಯ ಕಾಲದಲ್ಲಿ ಮಸೀದಿ, ದರ್ಗಾಗಳಲ್ಲಿ ತೂಗುಹಾಕುತ್ತಿದ್ದ ಗಾಜಿನ ಕಂದೀಲುಗಳಿವೆಯಲ್ಲ, ಅವುಗಳಲ್ಲಿ ಬೆಳಕು ಹೇಗೆ ಹಾಯುತ್ತದೆ ಎಂದು ತಿಳಿಯುವ ಹುಚ್ಚು. ಮೊದಲು ಒಂದು ವಸ್ತುಸಂಗ್ರಹಾಲಯದಲ್ಲಿ ಅಪ್ಪಣೆ ಪಡೆದು ಅಲ್ಲಿದ್ದ ಕಂದೀಲಿನೊಳಗೆ ದಾರ ಕಟ್ಟಿದ ಪುಟ್ಟ ಬಲ್ಬು ಇಳಿಬಿಟ್ಟಳು. ನನ್ನನ್ನು ಅದರ ಸುತ್ತ ನಿಧಾನ ತಿರುಗಿಸಿದಳು. ಆ ದಿನದ ಸುಖ ಏನೆಂದು ಹೇಳಲಿ! ಅಗಲ ಬಾಯಿ, ಉಬ್ಬಿದ ಹೊಟ್ಟೆ, ಹೂದಾನಿಯಂಥ ಆಕಾರ, ಹೊಟ್ಟೆಯ ಸುತ್ತ ನೀಲಿ ಗಾಜುಬಣ್ಣದ ಮೀನಾಕಾರಿ ಅಕ್ಷರಗಳು ಎಂದು ಅವಳು ಹೇಳಿಕೊಳ್ಳುತ್ತಿದ್ದಳು. ನೀಲಿ ಬಂದಾಗ ನನ್ನ ಮುಳ್ಳು ಬೀಳುವುದು, ಬರಿಗಾಜು ಬಂದಾಗ ಏಳುವುದು. ಬಿದ್ದು ಎದ್ದು, ಬಿದ್ದು ಎದ್ದು. ಗಾಜಿನೊಳಗೆ ಸಿಕ್ಕ ಒಂದು ಗಾಳಿಗುಳ್ಳೆಯ ಹತ್ತಿರ ಬೆಳಕು ಚೂರು ಹೊರಳಿ ಬಂತು. ಯಾರೋ ಊದುವಾಗ ಬಿಟ್ಟ ಉಸಿರು ಅಲ್ಲೇ ಕೂತಿದೆ ಎಂದಳು ಕಸ್ತೂರಿ. ಅಕ್ಷರ ಗೊತ್ತಿಲ್ಲದ ನಾನು ಆ ದಿನ ಒಂದು ಸಾಲು ಓದಿದೆ ಅಂದುಕೊಂಡೆ.

ಆದರೆ ಅದು ಆರಿದ ಕಂದೀಲು. ಉರಿಯುವ ಕಂದೀಲು ಬೇಕು ಎಂದು ಅವಳಿಗೆ ಹಟ. ಹುಡುಕುತ್ತಾ ಜಾಲಿಗುಮ್ಮಟದ ಓಣಿಯ ಸಣ್ಣ ದರ್ಗಾಕ್ಕೆ ಬಂದಳು.

ಅಲ್ಲಿ ಗೋರಿಯ ಮೇಲೆ ಒಂದು ಹಳೆಯ ಗಾಜಿನ ಕಂದೀಲು ಸರಪಳಿಯಲ್ಲಿ ತೂಗುತ್ತಿತ್ತು. ಮಿಸರದಿಂದ, ಅಂದರೆ ಈಜಿಪ್ಟಿನಿಂದ, ಬಂದದ್ದು ಎನ್ನುವವರು ಕೆಲವರು, ಇರಾನಿನದು ಎನ್ನುವವರು ಕೆಲವರು. ಪ್ರತಿ ಗುರುವಾರ ಸಂಜೆ ಅದರೊಳಗಿನ ಬಟ್ಟಲಿಗೆ ಅರ್ಧ ನೀರು, ಮೇಲೆ ಎಣ್ಣೆ ಹಾಕಿ ಬತ್ತಿ ಹಚ್ಚುವುದು ಮಾಲನಬೀ ಎಂಬ ವಯಸ್ಸಾದ ಹೆಂಗಸಿನ ಸೇವೆ. ಅತ್ತೆಯಿಂದ ಬಂದ ಸೇವೆ ಅದು. ನಾವು ಹೋದಾಗ ಅವಳಿಗೂ ದರ್ಗಾ ಕಮಿಟಿಯ ಅಧ್ಯಕ್ಷ ಖಾಜಾಪೀರ ಇನಾಮದಾರರಿಗೂ ಜೋರು ಮಾತು ನಡೆದಿತ್ತು.

"ದಸ್ತಗೀರಸಾಬ ಕತ್ತಲದಾಗ ಬಾಗಲದ ಪಾವಟಿಗಿ ಇಳಿಯಾಕ ಹೋಗಿ ಬಿದ್ದು ಸೊಂಟಾ ಮುರಕೊಂಡ. ನಾಳೆ ಉರುಸಿನಾಗ ಇನ್ನೊಬ್ಬ ಬಿದ್ರ ಯಾರ ಜವಾಬ್ದಾರಿ, ಚಾಚಿ? ಕಂದೀಲು ಕುರುಡ ಆಗೇತಿ. ಟ್ಯೂಬ್‌ಲೈಟ್ ಹಾಕೂದ. ಕಂದೀಲು ಕಮಿಟಿ ಕಪಾಟಿನಾಗ ಚಂದ ಇರ್ತದ."

"ಕಂದೀಲು ಕಪಾಟಿಗಿ ಹೋದ್ರ ನಾ ಎಲ್ಲಿಗಿ ಹೋಗ್ಲಿ?" ಎಂದಳು ಮಾಲನಬೀ. "ನನ್ನೂ ಅದರಾಗ ಇಟ್ಟು ಕೀಲಿ ಹಾಕಿಬಿಡ್ರಿ."

ಇನಾಮದಾರರು ಕೆಟ್ಟವರಲ್ಲ. ಬಿದ್ದ ಮುದುಕನನ್ನು ಆಸ್ಪತ್ರೆಗೆ ಹೊತ್ತುಕೊಂಡು ಹೋದವರೇ ಅವರು. ಕಸ್ತೂರಿ ತಾನು ಬಂದ ಕಾರಣ ಹೇಳಿದಳು. ಇನಾಮದಾರರು, "ಅಳೀರಿ ಮೇಡಮ್ಮಾರ. ಪಾವಟಿಗಿ ತನಕ ಕಂದೀಲಿನ ಬೆಳಕು ಮುಟ್ಟತೈತಿ ಅಂತ ನಿಮ್ಮ ಮಷೀನ ಹೇಳಿದ್ರ ಇರ್ಲಿ. ಇಲ್ಲಂದ್ರ ಉರುಸಿಗಿಂತ ಮೊದ್ಲ ಇಳಸೂದ" ಎಂದರು.

ಹೀಗೆ ಒಬ್ಬ ಮುದುಕಿಯ ಗುರುವಾರಗಳೆಲ್ಲ ನನ್ನ ಕೂದಲೆಳೆಯ ಮುಳ್ಳಿಗೆ ಬಂದು ನೇತುಬಿದ್ದವು.

ಅಳತೆಗೆ ಕತ್ತಲೆ ಬೇಕು. ಸಂಜೆ ಜನ ಬರುವುದರಿಂದ ಮಧ್ಯಾಹ್ನವೇ ಕತ್ತಲೆ ಮಾಡಬೇಕಾಯಿತು. ಜಾಲಿ ಕಿಟಕಿಗಳಿಗೆ ಕಂಬಳಿ, ಬಾಗಿಲ ಹೊರಗಿನ ಚಪ್ಪರಕ್ಕೆ ಜಮಖಾನ ಬಿಗಿದರು. ಓಣಿಯ ಹೆಂಗಸರು ಕಂಬಳಿ ತರುತ್ತ, "ಮಾಲನಬೀ, ದರ್ಗಾಕ್ಕ ಬುರ್ಖಾ ಹಾಕಸಾಕತ್ತೀಯೇನ?" ಎಂದು ನಕ್ಕರು. ಸೊಂಟ ಮುರಿದುಕೊಂಡಿದ್ದ ದಸ್ತಗೀರಸಾಬ ಕೂಡ ಕೋಲೂರಿಕೊಂಡು ಬಂದ. ಅವನು ದರ್ಜಿ. "ನಾ ಬಿದ್ದದ್ದಕ್ಕ ಇಷ್ಟೆಲ್ಲಾ ಆತು. ನೋಡಾಕರ ಬರಬೇಕಲ್ಲ" ಎಂದು ಹೊಸ್ತಿಲ ಬಳಿ ಕೂತ.

ಕಸ್ತೂರಿ ನನಗೆ ದೊಡ್ಡ ಕಣ್ಣು ಸಿಕ್ಕಿಸಿದಳು. ಮೊದಲು ಎಣ್ಣೆಯ ಬಟ್ಟಲನ್ನು ಹೊರಗಿಟ್ಟು ಬರಿ ಜ್ವಾಲೆಯನ್ನು ಅಳೆದಳು. ಆಮೇಲೆ ಅದೇ ಬಟ್ಟಲನ್ನು ಕಂದೀಲಿನೊಳಗೆ ಇಳಿಸಿ ಅಷ್ಟೇ ದೂರದಿಂದ ಅಳೆದಳು. ಮುಳ್ಳು ಒಂದಿಷ್ಟೇ ಇಳಿಯಿತು. ಅಂದರೆ ಗಾಜು ಕಳ್ಳನಲ್ಲ. ಒಳಗೆ ಹುಟ್ಟಿದ ಬೆಳಕಿನಲ್ಲಿ ಬಹುಪಾಲನ್ನು ಹೊರಗೆ ಬಿಡುತ್ತಿದೆ. ಸುತ್ತ ತಿರುಗಿಸಿ ನೋಡಿದರೆ ಇನ್ನೊಂದು ಸಂಗತಿ ತಿಳಿಯಿತು: ಈ ಕಂದೀಲು ಬೆಳಕನ್ನು ಕೆಳಗೆ ಸ್ವಲ್ಪ ಕೊಟ್ಟು ಉಳಿದದ್ದನ್ನೆಲ್ಲ ಪಕ್ಕಕ್ಕೆ, ಗೋಡೆಗಳ ಕಡೆ ಎಸೆಯುತ್ತಿತ್ತು.

"ನಾ ಹೇಳಿದ್ನಿಲ್ಲ? ನನ್ನ ಕಂದೀಲು ಗಟ್ಟಿ ಐತಿ" ಎಂದಳು ಮಾಲನಬೀ.

ಆದರೆ ಹೊಸ್ತಿಲಿಗೆ ಬಂದೆವು. ಮುಳ್ಳು ಮಲಗಿತು. ಹೊರಗಿನ ಮೆಟ್ಟಿಲಿಗೆ, ಆ ಪಾವಟಿಗೆಗೆ, ಇಳಿದೆವು. ಸತ್ತಂತೆ ಮಲಗಿತು. ಕಸ್ತೂರಿ ನನ್ನನ್ನು ಮೆಲ್ಲಗೆ ತಟ್ಟಿದಳು. ನಾನೇನು ಮಾಡಲಿ? ಬೆಳಕಿಲ್ಲದೆ ಏಳು ಎಂದರೆ ಹೇಗೆ ಏಳಲಿ? ಒಳಗೆ ಅಷ್ಟು ಬೆಳಕು ಹೊರಟದ್ದನ್ನು ಈಗಷ್ಟೇ ನಾನೇ ಅಳೆದಿದ್ದೇನೆ. ಅದು ಎಲ್ಲಿ ಹೋಯಿತು? ಬಾಗಿಲ ತನಕ ಬರುವುದರೊಳಗೆ ಅದನ್ನು ಯಾರು ತಿಂದರು?

ಮಾಲನಬೀ ಕಸ್ತೂರಿಯ ಕಿವಿಯ ಹತ್ತಿರ ಬಾಗಿದಳು. "ಬೇಟಿ, ಹಿಂಗ ಮಾಡು. ಮುಳ್ಳು ಕಂದೀಲಿನ ಹತ್ರ ಹಿಡದು ಎಬ್ಬಸು. ಇನಾಮದಾರಗ ಹೊಸ್ತಲದಾಗ ಅಳದ್ವಿ ಅಂತ ಹೇಳಿದ್ರಾತು. ಅವಂಗೇನ ತಿಳೀತೈತಿ?"

"ತಿಳಿಯೂದಿಲ್ಲ ಚಾಚಿ. ಆದ್ರ ಉರುಸಿನಾಗ ಮತ್ತೊಬ್ರು ಬೀಳ್ತಾರಲ್ಲ."

"ಬಿದ್ದಾಂವ ಇಲ್ಲೇ ಕುಂತೀನಿ. ನನ್ನ ಮುಂದ ಮಸಲತ್ತು ಮಾಡ್ತೀರೇನವ್ವಾ?" ಎಂದ ದಸ್ತಗೀರಸಾಬ. ಮೂವರೂ ನಕ್ಕರು.

ಅಷ್ಟರಲ್ಲಿ ಒಂದು ವಿಚಿತ್ರವಾಯಿತು. ಕಸ್ತೂರಿ ನನ್ನನ್ನು ಹೊಸ್ತಿಲ ಮೇಲೆ ಇಟ್ಟು ಬೆವರು ಒರೆಸಿಕೊಳ್ಳುತ್ತಿದ್ದಳು. ನನ್ನ ಮುಖ ಒಳಗಿನ ಕಡೆಗಿತ್ತು. ಇದ್ದಕ್ಕಿದ್ದಂತೆ ನನ್ನ ಮುಳ್ಳು ಮಿಸುಕಿತು. ಸ್ವಲ್ಪ, ಆದರೆ ಖಂಡಿತ ಮಿಸುಕಿತು.

"ಜಮಖಾನ ಸರಸಿದ್ರೇನು?" ಎಂದು ಕಸ್ತೂರಿ ಕೇಳಿದಳು.

ಯಾರೂ ಸರಿಸಿರಲಿಲ್ಲ. ಹಿಂದಿನ ಸಣ್ಣ ಬಾಗಿಲಿನಿಂದ ಇನಾಮದಾರರು ಬಂದು, ಅದನ್ನು ಮುಚ್ಚಿಕೊಂಡು, ಗೋರಿಯಾಚೆ ನಿಂತಿದ್ದರು. ಯಾವುದೋ ನಿಕಾಹ್ ಮುಗಿಸಿ ನೇರ ಬಂದವರು. "ಏನಾತ್ರಿ ಅಳತಿ?" ಎಂದರು.

"ಸರ, ಅಲ್ಲೇ ನಿಂದರ್ರಿ. ಈಗ ಒಂದೀಟು ಬದಿಗಿ ಸರೀರಿ."

ಸರಿದರು. ಮುಳ್ಳು ಬಿತ್ತು.

"ತಿರುಗಿ ಬರ್ರಿ."

ಬಂದರು. ಮುಳ್ಳು ಎದ್ದಿತು.

ದಸ್ತಗೀರಸಾಬ ಕೋಲು ಕುಟ್ಟಿ ನಕ್ಕ. "ಅಧ್ಯಕ್ಷರು ಬಂದ್ರ ಬೆಳಕು ಏರತೈತಿ! ಕಂದೀಲು ಬಿಡ್ರಿ, ಇವರನ್ನ ಸರಪಳಿ ಹಾಕಿ ತೂಗ ಬಿಡೂಣು."

ಇನಾಮದಾರರಿಗೆ ಒಂದು ಕ್ಷಣ ಖುಷಿಯೇ ಆಯಿತು. ಆದರೆ ಕಸ್ತೂರಿ ನೋಡಿದ್ದು ಅವರನ್ನಲ್ಲ, ಅವರು ತೊಟ್ಟಿದ್ದ ಬಿಳಿ ಶೇರವಾನಿಯನ್ನು. ಅವಳು ನನ್ನನ್ನು ಎತ್ತಿಕೊಂಡು ಓಡಿದಳು. ಕಂದೀಲಿಗೆ ಬೆನ್ನು ಮಾಡಿಸಿ ನನ್ನ ಮುಖವನ್ನು ಗೋಡೆಗೆ ಹಿಡಿದಳು. ಮುಳ್ಳಿಗೆ ಜೀವವೇ ಇಲ್ಲ. ಇನ್ನೊಂದು ಗೋಡೆ. ಅಲ್ಲೂ ಇಲ್ಲ. ಅಷ್ಟೆಲ್ಲ ಬೆಳಕು ಹೋಗಿ ಬಿದ್ದ ಗೋಡೆಗಳು ಒಂದು ಹನಿಯನ್ನೂ ತಿರುಗಿ ಕೊಡುತ್ತಿರಲಿಲ್ಲ.

"ಚಾಚಿ, ಈ ಗ್ವಾಡಿ ಮೊದಲಿಂದ್ಲೂ ಹಸಿರ ಇತ್ತೇನು?"

"ಎಲ್ಲೀದು? ನಮ್ಮ ಅತ್ತಿ ಕಾಲದಾಗ ಸುಣ್ಣ. ವರ್ಸಾ ಉರುಸಿಗಿ ಬಳೀತಿದ್ವಿ. ಈ ಆಯಿಲ್ ಪೇಂಟು ಆಮ್ಯಾಲ ಬಂದದ್ದು."

ಆಗ ನನಗೂ ತಿಳಿಯಿತು. ಆ ಕಂದೀಲನ್ನು ಮಾಡಿದವನು ಬೆಳಕನ್ನು ಸುಮ್ಮನೆ ಪಕ್ಕಕ್ಕೆ ಎಸೆದಿರಲಿಲ್ಲ. ಬಿಳಿ ಗೋಡೆ ಅದನ್ನು ಹಿಡಿದು ಮರಳಿ ಕೊಡುತ್ತದೆ ಎಂಬ ನಂಬಿಕೆಯ ಮೇಲೆ ಎಸೆದಿದ್ದ. ಕಡು ಹಸಿರು ಬಣ್ಣ ಅದನ್ನೆಲ್ಲ ಕುಡಿದು ಕೂತಿತ್ತು.

"ಬಿಳಿ ಅರಿವಿ ಬೇಕು. ಭಾಳ ಬೇಕು" ಎಂದಳು ಕಸ್ತೂರಿ.

"ಅದೇನ ದೊಡ್ಡ ಮಾತು? ನನ್ನ ಅಂಗಡ್ಯಾಗ ಪೈಜಾಮದ ಬಟ್ಟಿ ಸುರುಳಿ, ಥಾನಗಟ್ಟಲೆ ಬಿದ್ದಾವು. ತರಸ್ರಿ. ಅಂಗಡಿ ತುಂಬಾ ಬಿಳೀನ ಐತಿ, ಉರುಸಿನ ಹೊಲಿಗಿ" ಎಂದ ದಸ್ತಗೀರಸಾಬ.

ಬಾಗಿಲಿಗೆ ಎದುರಾದ ಗೋಡೆಗೆ ಹಗ್ಗ ಕಟ್ಟಿ ಥಾನು ಬಿಚ್ಚಿ ಇಳಿಬಿಟ್ಟರು. ನಾನು ಹೊಸ್ತಿಲ ಮೇಲೆ ಕಾದೆ. ಬಟ್ಟೆ ಒಂದೊಂದು ಮೊಳ ಹರಡಿದಂತೆ ಮುಳ್ಳು ಒಂದೊಂದು ಕೂದಲು ಏರಿತು. ಕೋಲು ಕುಟ್ಟುವ ಸದ್ದು ಕೇಳಿತು. ದಸ್ತಗೀರಸಾಬ ಯಾರ ಕೈಯನ್ನೂ ಹಿಡಿಯದೆ ಮೊದಲ ಪಾವಟಿಗೆ ಇಳಿದ. ಎರಡನೆಯದಕ್ಕೂ ಇಳಿದ. "ಅಂಚು ಕಾಣಸ್ತೈತಿ" ಎಂದ. ಅವನ ದನಿಯಲ್ಲಿ ಈಗ ತಮಾಷೆ ಇರಲಿಲ್ಲ.

ಕಸ್ತೂರಿ ಉಬ್ಬಿಹೋದಳು. "ಸರ, ಬಣ್ಣ ಕೆರದು ಸುಣ್ಣ ಬಳದ್ರ ಸಾಕು! ಎಣ್ಣಿ ಬಣ್ಣದ ಮ್ಯಾಲ ಸುಣ್ಣ ಹಿಡಿಯೂದಿಲ್ಲ, ಕೆರೀಲೇಬೇಕು."

ಇನಾಮದಾರರು ಗೋಡೆಯ ತನಕ ನಡೆದು ಹೋದರು. ಆಮೇಲೆ, "ಆ ಬಣ್ಣ ನಮ್ಮಪ್ಪ ಹಚ್ಚಿಸಿದ್ದು. ನಾ ಸಣ್ಣಾವ ಇದ್ದಾಗ ಜ್ವರಾ ಬಂದು ಸಾಯಾಕ ಬಿದ್ದಿದ್ನಿ. ಮಗಾ ಉಳದ್ರ ನಾಕೂ ಗ್ವಾಡಿಗಿ ಹಸಿರು ಹಚ್ಚಿಸ್ತೀನಿ ಅಂತ ಹರಕಿ ಹೊತ್ತಿದ್ರು. ನಾ ಉಳದದ್ದರ ಗುರ್ತು ಅದು. ನನ್ನ ಕೈಯಾಗ ಕೆರಸ್ರಿ ಅಂದ್ರ ಹೆಂಗ?" ಎಂದರು.

ಅಳತೆಯ ಉತ್ತರ ಸಿಕ್ಕ ಮೇಲೆ ಎಲ್ಲ ಮುಗಿಯಿತು ಎಂದು ಕಸ್ತೂರಿಯೂ ನಾನೂ ತಿಳಿದಿದ್ದೆವು.

ಮಾತಾಡಿದವಳು ಮಾಲನಬೀ. ಸ್ವಲ್ಪ ಹೊತ್ತಿನ ಹಿಂದೆ ಸುಳ್ಳು ಅಳತೆಗೂ ತಯಾರಿದ್ದ ಹೆಂಗಸು. "ಕೆರಸಬ್ಯಾಡ್ರಿ ಸಾಹೇಬ್ರ. ನಿಮ್ಮ ಅಪ್ಪ ಅತ್ತಿದ್ದ ನಾ ಕಂಡೀನಿ. ಈ ಗೋರಿ ಮುಂದ ಟೊಪ್ಪಿಗಿ ಹಿಡಕೊಂಡು ಅಳ್ತಿದ್ರು. ಅವರ ಹರಕಿ ಕೆರದು ನನ್ನ ದೀಪ ಬೆಳಗೂದು ಬ್ಯಾಡ. ಇಳಸ್ರಿ ಕಂದೀಲು. ನಂದೂ ವಯಸ್ಸಾತು." ಅಷ್ಟು ಹೇಳಿ ಬತ್ತಿ ಆರಿಸಿದಳು. ನನ್ನ ಮುಳ್ಳು ಮಲಗಿತು. ಆ ಕತ್ತಲೆಯಲ್ಲಿ ಯಾರು ಅತ್ತರೋ ನನಗೆ ಕಾಣಲಿಲ್ಲ. ಮೂಗು ಎಳೆದುಕೊಂಡ ಸದ್ದು ಮಾತ್ರ ಕೇಳಿತು. ಅದು ಹೆಂಗಸಿನದಾಗಿರಲಿಲ್ಲ.

ಮರುದಿನ ಬೆಳಗ್ಗೆ ಕಸ್ತೂರಿ ಕಂಬಳಿ ಹಿಂತಿರುಗಿಸಲೆಂದು ಓಣಿಗೆ ಬಂದಳು. ನಾನು ಅವಳ ಕೈಚೀಲದಲ್ಲಿದ್ದೆ. ದರ್ಗಾದೊಳಗಿನಿಂದ ಕರ್ ಕರ್ ಎಂಬ ಸದ್ದು. ಒಳಗೆ ಹೋದರೆ ಇನಾಮದಾರರು ಲುಂಗಿ ಎತ್ತಿ ಕಟ್ಟಿ, ಬಾಗಿಲಿನ ಎದುರಿನ ಗೋಡೆಯನ್ನು ಕೆರೆಯುತ್ತಿದ್ದರಂತೆ. ಆಳುಗಳು ಹೊರಗೆ ಕೂತು ಚಹಾ ಕುಡಿಯುತ್ತಿದ್ದರು. ಅವರಿಗೆ ಕೈ ಹಚ್ಚಲು ಬಿಟ್ಟಿರಲಿಲ್ಲ.

"ನಂದ ಹರಕಿ, ನಾನ ಕೆರೀತೀನಿ" ಎಂದರು ಕಸ್ತೂರಿಗೆ. "ಮೂರು ಗ್ವಾಡಿ. ಆ ತೆಂಕಣ ಗ್ವಾಡಿ ಮಾತ್ರ ಮುಟ್ಟೂದಿಲ್ಲ. ಅಪ್ಪ ಅದಕ್ಕ ಒರಗಿ ಕೂಡ್ತಿದ್ರು. ಅದು ಕುಡದಷ್ಟು ಕುಡೀಲಿ."

ಹಸಿರಿನ ಕೆಳಗೆ ಸುಣ್ಣ ಸಿಕ್ಕಿತು. ಅದರ ಕೆಳಗೆ ಇನ್ನೊಂದು ಸುಣ್ಣ, ಅದರ ಕೆಳಗೆ ಮತ್ತೊಂದು. ಈರುಳ್ಳಿಯ ಪದರಿನಂತಿದೆ ಎಂದಳು ಕಸ್ತೂರಿ. ಎಷ್ಟು ಉರುಸುಗಳ ಬಿಳುಪೋ. ಪುಡಿ ಹಾರಿ ಎಲ್ಲರ ಮೈಮೇಲೂ ಕೂತಿತು. ಕೈಚೀಲದಿಂದ ಇಣುಕುತ್ತಿದ್ದ ನನ್ನ ಮೇಲೂ. ಮಾಲನಬೀ ಬಂದವಳು ನೀರಿನ ಬಕೆಟ್ಟು ತಂದು ಇನಾಮದಾರರ ಪಕ್ಕ ಇಟ್ಟಳು. ಆಮೇಲೆ, "ಹಂಗಲ್ಲ, ಮೊದ್ಲ ಗ್ವಾಡಿ ತೋಯಸ್ರಿ. ಒಣಾ ಕೆರದ್ರ ಕಣ್ಣಾಗ ಬೀಳತೈತಿ. ಜ್ವರದಾಗ ಉಳದಾಂವ ಸುಣ್ಣದಾಗ ಕುರುಡ ಆದೀ" ಎಂದು ಬೈದಳು.

ಮೂರು ಗೋಡೆಗೂ ಹೊಸ ಸುಣ್ಣ ಬಳಿದ ಮೇಲೆ, ಉರುಸಿನ ಹಿಂದಿನ ಗುರುವಾರ ಕೊನೆಯ ಅಳತೆ. ಸಂಜೆ ದೀಪ ಹಚ್ಚುವ ಹೊತ್ತಿಗೆ ಓಣಿಯೇ ನೆರೆದಿತ್ತು. ಮಾಲನಬೀ ಬಟ್ಟಲಿಗೆ ನೀರು ಹಾಕಿ, ಮೇಲೆ ಎಣ್ಣೆ ಬಿಟ್ಟು, ಬತ್ತಿ ಹಚ್ಚಿ ಸರಪಳಿ ಏರಿಸಿದಳು. ಬೆಳಕು ಗಾಜು ದಾಟಿತು, ಗೋಡೆಗೆ ಹೋಯಿತು, ಈ ಸಲ ತಿರುಗಿ ಬಂತು. ಹೊಸ್ತಿಲಲ್ಲಿ ನನ್ನ ಮುಳ್ಳು ಥಾನು ಕಟ್ಟಿದ ದಿನಕ್ಕಿಂತ ಮೇಲೆ ನಿಂತಿತು. ಪಾವಟಿಗೆಗಳ ಮೇಲೂ ನಿಂತಿತು. ಆದರೆ ಎಲ್ಲಕ್ಕಿಂತ ಕೆಳಗಿನ ಪಾವಟಿಗೆಯಲ್ಲಿ ಮಲಗಿತು. ಕಸ್ತೂರಿ ಇದ್ದದ್ದನ್ನು ಇದ್ದಂತೆ ಹೇಳಿದಳು.

"ಅಲ್ಲಿ ನಂದೊಂದು ಸಣ್ಣ ಬಲ್ಬ್ ಇರ್ಲಿ ಬಿಡ್ರಿ. ಅಧ್ಯಕ್ಷಂದೂ ಒಂದೀಟು ಮರ್ಯಾದಿ ಉಳೀಬೇಕಲ್ಲ" ಎಂದರು ಇನಾಮದಾರರು.

"ಮತ್ತ ಮುಂದಿನ ಗುರುವಾರಕ್ಕ ಎಣ್ಣಿ ಯಾರು ತರವ್ರು?" ಎಂದು ಮಾಲನಬೀ ಅಲ್ಲೇ ಕಮಿಟಿಯವರನ್ನು ಗದರಿಸತೊಡಗಿದಳು. ಅವಳು ಗೆದ್ದಳು ಎಂದು ನನಗೆ ಗೊತ್ತಾದದ್ದು ಆ ಗದರಿಕೆಯಿಂದ.

ಅದಾದ ಮೇಲೆ ನಾನು ಇಳಿಮುಖವಾದೆ. ಕಸ್ತೂರಿ ಅಂಕಿ ತೋರಿಸುವ ಹೊಸ ಮೀಟರು ತಂದು ನನ್ನ ಪಕ್ಕ ಇಟ್ಟು ನೋಡಿದಳು. ಒಂದೇ ಕಿಟಕಿಯ ಬೆಳಕಿಗೆ ಅವನು ಹೆಚ್ಚು ಹೇಳಿದ, ನಾನು ಕಡಿಮೆ ಹೇಳಿದೆ. ತಿಂಗಳುಗಳು ಕಳೆದಂತೆ ನಾನು ಇನ್ನೂ ಕಡಿಮೆ ಹೇಳಿದೆ. ಈಗ ಅವಳ ಮನೆಯ ಪುಸ್ತಕದ ಕಪಾಟಿನ ಅಂಚಿನಲ್ಲಿ, ಬಿಸಿಲು ನೇರ ಬೀಳದ ಒಂದು ಮೂಲೆಯಲ್ಲಿ ಕೂತಿದ್ದೇನೆ. ಅವಳು ಈಗ ಬೇರೆ ಊರುಗಳ ಕಂದೀಲುಗಳನ್ನು ಅಳೆಯಲು ಹೋಗುತ್ತಾಳೆ. ಬಂದು ಹೊಸಬನ ಅಂಕಿಗಳನ್ನು ಓದಿ ಹೇಳುತ್ತಾಳೆ. ಕಂದೀಲಿನ ಬಗ್ಗೆ ಬರೆಯುವ ಮುಂಚೆ ಈಗ ಅವಳು ಗೋಡೆಯ ಬಗ್ಗೆ ಬರೆಯುತ್ತಾಳೆ.

ಗಾಜು ಎಷ್ಟು ಬೆಳಕು ಬಿಟ್ಟುಕೊಡುತ್ತದೆ ಎಂದು ಅಳೆಯಲು ಹೊರಟವನು ನಾನು. ಬೆಳಕು ದೀಪದ್ದೇ ಎಂದು ಬಾಳಿನುದ್ದಕ್ಕೂ ನಂಬಿದ್ದೆ. ಅದನ್ನು ಇಸಿದುಕೊಂಡು ಮರಳಿ ಕೊಡುವವರು ಎದುರಿಗೆ ಇಲ್ಲದಿದ್ದರೆ ಎಂಥ ದೀಪವೂ ಹೊಸ್ತಿಲು ದಾಟುವುದಿಲ್ಲ ಎಂಬುದು ತಿಳಿಯುವ ಹೊತ್ತಿಗೆ ಮುದುಕನಾದೆ.

ನನ್ನ ಜೇನುಗೂಡಿನ ಒಂದು ಕಣ್ಣಿನಲ್ಲಿ ಆ ದಿನ ಹಾರಿದ ಸುಣ್ಣದ ಪುಡಿ ಕೂತಿದೆ. ಕಸ್ತೂರಿ ಮೆತ್ತನೆಯ ಕುಂಚದಿಂದ ತೆಗೆಯಲು ನೋಡಿದಳು. ಬರಲಿಲ್ಲ. ಇರಲಿ ಬಿಡು ಎಂದು ಇಟ್ಟಳು. ಬೆಳಗ್ಗೆ ಕಿಟಕಿ ತೆರೆದಾಗ ಉಳಿದ ಕಣ್ಣುಗಳಿಗೆ ಬೆಳಕು ನೇರ ಬರುತ್ತದೆ. ಆ ಒಂದಕ್ಕೆ ಮಾತ್ರ ಸುಣ್ಣದಲ್ಲಿ ಮಿಂದು ಮೆಲ್ಲಗೆ ಬರುತ್ತದೆ. ಸವೆದ ನನ್ನ ಮುಳ್ಳು ಈಗ ಏಳುವುದಿಲ್ಲ. ಆದರೂ ಯಾವುದು ಯಾವ ಕಣ್ಣಿನಿಂದ ಬಂತು ಎಂದು ನನಗೆ ಗೊತ್ತಾಗುತ್ತದೆ.